ಅಕ್ಕಿ ಇದೆ, ಗ್ಯಾಸ್ ಇಲ್ಲ: ಸಾಂಕ್ರಾಮಿಕದ ಹೊತ್ತಲ್ಲಿ ಮೈಸೂರಿನ ಬಡ ಬೀದಿಗಳಿಗೆ ನೆರವು ತಲುಪಿಸುವುದು ಹೇಗೆ

2020ರ ಯುಗಾದಿ ದಿನವೇ ಲಾಕ್‌ಡೌನ್ ಶುರುವಾಯಿತು, ನೆನಪಿದೆ ಅಲ್ವಾ? ಮಾರ್ಚ್ 24ರ ರಾತ್ರಿ 8 ಗಂಟೆಗೆ ಪ್ರಧಾನಿ ಟಿವಿಯಲ್ಲಿ ಬಂದು, ಮಧ್ಯರಾತ್ರಿಯಿಂದ 21 ದಿನ ದೇಶವೇ ಬಂದ್ ಅಂದರು. ಬೆಳಿಗ್ಗೆ ಬೇವು ಬೆಲ್ಲ ತಿನ್ನುವ ಹೊತ್ತಿಗೆ ಮೈಸೂರಿನ ರಸ್ತೆಗಳು ಬಿಕೋ ಅನ್ನುತ್ತಿದ್ದವು. ನಮ್ಮ ಬಡಾವಣೆಯ ಏಳು ಜನ ಸೇರಿ ಕೈಲಾದಷ್ಟು ದುಡ್ಡು ಕೂಡಿಸಿದೆವು. ಏಪ್ರಿಲ್ ಎರಡನೇ ವಾರ ಹತ್ತತ್ತು ಕೆಜಿ ಅಕ್ಕಿಯ ಚೀಲಗಳನ್ನು ಗೂಡ್ಸ್ ಆಟೋಗೆ ತುಂಬಿಕೊಂಡು ಕ್ಯಾತಮಾರನಹಳ್ಳಿ ಕಡೆ ಹೊರಟೆವು. ಮೂರನೇ ಮನೆಯಲ್ಲಿ ಒಬ್ಬರು ಅಜ್ಜಿ ಬಾಗಿಲಿಗೆ ಬಂದು ಚೀಲ ನೋಡಿದರು. ಮುಖದಲ್ಲಿ ಸಂತೋಷವೇನೂ ಕಾಣಲಿಲ್ಲ.

"ಅಕ್ಕಿ ಸೊಸೈಟೀಲಿ ಕೊಟ್ರು ಕಣವ್ವ. ನೋಡು, ಅಲ್ಲೇ ಐತೆ. ಬೇಯ್ಸಕ್ಕೆ ಗ್ಯಾಸ್ ಇಲ್ಲ."

ಬಾಗಿಲ ಹಿಂದೆ ನಿಜವಾಗಿಯೂ ಅಕ್ಕಿ ಮೂಟೆ ಇತ್ತು. ಪಕ್ಕದಲ್ಲಿ ತಲೆಕೆಳಗಾಗಿ ಇಟ್ಟ ಖಾಲಿ ಎಣ್ಣೆ ಬಾಟಲಿ, ಕೆಳಗೊಂದು ತಟ್ಟೆ. ಕೊನೆಯ ಹನಿಗಳು ಇಳಿಯಲಿ ಅಂತ ಹಾಗೆ ಇಟ್ಟಿದ್ದರು. ಆ ಬಾಟಲಿ ನೋಡಿದ ಮೇಲೆ ನಾವು ಕೆಲಸ ಮಾಡುವ ರೀತಿಯೇ ಬದಲಾಯಿತು. 2020ರಲ್ಲೂ 2021ರಲ್ಲೂ ತಪ್ಪು ಮಾಡಿ ಮಾಡಿ ಕಲಿತದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ಇನ್ನೊಂದು ಸಲ ಇಂಥ ಕಾಲ ಬಂದರೆ ನೀವು ಮೊದಲಿಂದ ಶುರು ಮಾಡಬೇಕಾಗಿಲ್ಲ.

ಹೆಜ್ಜೆ 1: ನಿಮ್ಮ ಮನೆ ಕೆಲಸದವರ ಸಂಬಳ ಮೊದಲು ಕೊಡಿ

ಊರಿಗೆಲ್ಲ ದಾನ ಮಾಡುವ ಮುಂಚೆ ನಿಮ್ಮ ಮನೆಯಲ್ಲಿ ಪಾತ್ರೆ ತೊಳೆಯುವವರಿಗೆ, ಅಡುಗೆಯವರಿಗೆ, ಕಾರು ಒರೆಸುವ ಹುಡುಗನಿಗೆ ಆ ತಿಂಗಳ ಪೂರ್ತಿ ಸಂಬಳ ಹೋಗಿದೆಯಾ ನೋಡಿ. ಅವರು ಬರಲಿಲ್ಲ, ನಿಜ. ಆದರೆ ಬರಬೇಡಿ ಅಂದವರು ನಾವೇ ಅಲ್ವಾ? ಒಂದು ಅಪಾರ್ಟ್‌ಮೆಂಟಿನ ನಲವತ್ತು ಮನೆಯವರು ಇದನ್ನೊಂದು ಮಾಡಿದರೆ ಸಾಕು, ಎಷ್ಟೋ ಮನೆಗಳ ಬಾಡಿಗೆ, ಹಾಲು, ಮಾತ್ರೆ ಎಲ್ಲ ನಡೆಯುತ್ತದೆ. ಅದಕ್ಕೆ ದಿನಸಿ ಕಿಟ್ ಬೇಡ, ಸಂಘ ಬೇಡ, ಪೊಲೀಸ್ ಪಾಸೂ ಬೇಡ.

ಹೆಜ್ಜೆ 2: ಅಂಗಡಿಗೆ ಹೋಗುವ ಮುಂಚೆ ಬೀದಿಗೆ ಹೋಗಿ

ದುಡ್ಡು ಕೈಗೆ ಬಂದ ತಕ್ಷಣ ಏನಾದರೂ ಕೊಂಡು ಹಂಚಬೇಕು ಅನ್ನಿಸುತ್ತದೆ. ಒಂದು ದಿನ ತಡೆಯಿರಿ. ಬೀದಿ ಬಗ್ಗೆ ಗೊತ್ತಿರುವವರನ್ನು ಹುಡುಕಿ. ಮೈಸೂರು ಮಹಾನಗರ ಪಾಲಿಕೆಗೆ ಆಗ 65 ವಾರ್ಡ್‌ಗಳಿದ್ದವು, ಅಷ್ಟನ್ನೂ ಮುಟ್ಟಲು ನಿಮ್ಮ ಕೈಯಲ್ಲಿ ಆಗುವುದಿಲ್ಲ, ಮುಟ್ಟಬೇಕಾಗಿಯೂ ಇಲ್ಲ. ಒಂದೆರಡು ಬೀದಿ ಹಿಡಿಯಿರಿ. ಅಲ್ಲಿನ ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ಕಸ ತೆಗೆದುಕೊಂಡು ಹೋಗುವ ಪೌರಕಾರ್ಮಿಕರು, ಮೂಲೆ ಅಂಗಡಿಯವರು, ಈ ನಾಲ್ಕು ಜನರಿಗೆ ಗೊತ್ತಿಲ್ಲದ ಮನೆ ಇರುವುದಿಲ್ಲ. ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರು ಒಂಟಿ ಮುದುಕರು, ಯಾರ ಗಂಡ ಊರಿಗೆ ಹೋಗಿ ಸಿಕ್ಕಿಹಾಕಿಕೊಂಡಿದ್ದಾನೆ, ಎಲ್ಲ ಹೇಳುತ್ತಾರೆ.

ಮನೆಯವರ ಹತ್ತಿರ ಕೇಳುವಾಗ "ಏನು ಬೇಕು?" ಅಂತ ಕೇಳಬೇಡಿ. ಸಂಕೋಚಕ್ಕೆ "ಏನು ಕೊಟ್ರೂ ಸರಿ" ಅಂತಾರೆ. "ಮನೇಲಿ ಈಗ ಏನು ಖಾಲಿಯಾಗಿದೆ? ಇನ್ನೊಂದು ವಾರದಲ್ಲಿ ಏನು ಖಾಲಿಯಾಗತ್ತೆ?" ಅಂತ ಕೇಳಿ. ನಮಗೆ ಸಿಕ್ಕ ಉತ್ತರಗಳಲ್ಲಿ ಅಕ್ಕಿ ತೀರಾ ಕೆಳಗಿತ್ತು. ಎಣ್ಣೆ, ಬೇಳೆ, ಗ್ಯಾಸ್, ಬಾಡಿಗೆ, ಬಿಪಿ ಶುಗರ್ ಮಾತ್ರೆ, ಫೋನ್ ರೀಚಾರ್ಜ್, ಸೋಪು, ಪ್ಯಾಡ್, ಇವೇ ಮತ್ತೆ ಮತ್ತೆ ಬಂದವು. ಫೋನ್ ರೀಚಾರ್ಜ್ ಯಾಕೆ ಅಂತ ಮೊದಲು ನಮಗೂ ಹೊಳೆಯಲಿಲ್ಲ. ಕೆಲಸಕ್ಕೆ ಕರೆಯುವ ಮೇಸ್ತ್ರಿ ಆ ನಂಬರಿಗೇ ಫೋನ್ ಮಾಡಬೇಕು, ಬ್ಯಾಂಕಿನ ಓಟಿಪಿ ಅದಕ್ಕೇ ಬರಬೇಕು, ಮಕ್ಕಳ ಪಾಠವೂ ಅದರಲ್ಲೇ.

ಹೆಜ್ಜೆ 3: ಸರ್ಕಾರ ಏನು ಕೊಡುತ್ತಿದೆ ತಿಳಿದುಕೊಳ್ಳಿ, ಬಿಟ್ಟುಹೋದವರನ್ನು ಹುಡುಕಿ

2020ರ ಏಪ್ರಿಲ್‌ನಿಂದ ಕೇಂದ್ರದ ಗರೀಬ್ ಕಲ್ಯಾಣ್ ಅನ್ನ ಯೋಜನೆಯಲ್ಲಿ ರೇಷನ್ ಕಾರ್ಡ್ ಇದ್ದವರಿಗೆ ತಲೆಗೆ 5 ಕೆಜಿ ಧಾನ್ಯ ಪುಕ್ಕಟೆ ಬಂತು, ನಮ್ಮ ರಾಜ್ಯದ ಅನ್ನಭಾಗ್ಯ ಬೇರೆ. ಉಜ್ವಲ ಯೋಜನೆಯವರಿಗೆ ಮೂರು ಸಿಲಿಂಡರ್, ಜನಧನ್ ಖಾತೆ ಇದ್ದ ಹೆಂಗಸರಿಗೆ ತಿಂಗಳಿಗೆ 500 ರೂಪಾಯಿಯಂತೆ ಮೂರು ತಿಂಗಳು. ಇದೆಲ್ಲ ಬರುವ ಕಡೆ ನಾವು ಮತ್ತೆ ಅಕ್ಕಿ ಸುರಿದರೆ ಏನಾಗುತ್ತದೆ? ಹೆಚ್ಚಾದ ಅಕ್ಕಿಯನ್ನು ಕಡಿಮೆ ಬೆಲೆಗೆ ಮಾರಿ ಎಣ್ಣೆ ತರುತ್ತಾರೆ. ಅದು ಅವರ ತಪ್ಪಲ್ಲ, ಕೇಳದೆ ಕೊಟ್ಟ ನಮ್ಮ ತಪ್ಪು.

ಅಕ್ಕಿ ನಿಜವಾಗಿ ಬೇಕಿರುವುದು ಕಾರ್ಡ್ ಇಲ್ಲದವರಿಗೆ. ಕಟ್ಟಡ ಕೆಲಸಕ್ಕೆ ಬಂದ ಬಿಹಾರ, ಉತ್ತರ ಪ್ರದೇಶದವರು, ರಾಯಚೂರು ಕಲಬುರಗಿ ಕಡೆಯಿಂದ ಬಂದು ಸೈಟಿನಲ್ಲೇ ಶೆಡ್ ಹಾಕಿಕೊಂಡವರು, ಕಾರ್ಡ್ ಅತ್ತೆ ಮನೆಯ ಹೆಸರಲ್ಲಿದ್ದು ಬೇರೆ ಸಂಸಾರ ಹೂಡಿದವರು, ಮಂಗಳಮುಖಿಯರು, ಬಸ್ ಸ್ಟ್ಯಾಂಡಿನಲ್ಲಿ ಮಲಗುವವರು. ಬಾಡಿಗೆ ಮನೆಯವರಿಗೆ ಕಾರ್ಡ್ ಹಳೇ ಊರಿನಲ್ಲೇ ಉಳಿದಿರುತ್ತದೆ. ಲೈಂಗಿಕ ಕಾರ್ಯಕರ್ತೆಯರಿಗೆ ತಲುಪಿಸಬೇಕಾದರೆ ನೀವು ಮನೆ ಹುಡುಕಿಕೊಂಡು ಹೋಗಬೇಡಿ, ಅಕ್ಕಪಕ್ಕದವರ ಕಣ್ಣಿಗೆ ಬಿದ್ದರೆ ಅವರಿಗೇ ಕಷ್ಟ. ಮೈಸೂರಿನಲ್ಲಿ ಅವರದೇ ಸಂಘ ಆಶೋದಯ ಸಮಿತಿ ಇದೆ, ಅಂಥ ಸಂಘದ ಮೂಲಕವೇ ಕೊಡಿ.

ಇನ್ನೊಂದು ಗುಂಪು ಹೊರಗೆ ಬಡವರ ಥರ ಕಾಣುವುದೇ ಇಲ್ಲ. ನಮ್ಮೂರು ಪ್ರವಾಸಿಗಳನ್ನು ನಂಬಿದ ಊರು. ಗೈಡ್‌ಗಳು, ಬಲೂನು ಮಾರುವವರು, ಅರಮನೆ ಸುತ್ತ ಟಾಂಗಾ ಓಡಿಸುವವರು, ಲಾಡ್ಜ್ ರೂಂಬಾಯ್‌ಗಳು. 2020ರಲ್ಲೂ 2021ರಲ್ಲೂ ಜಂಬೂ ಸವಾರಿ ಅರಮನೆ ಆವರಣದೊಳಗೇ ಮುಗಿಯಿತು. ದಸರಾ ಹತ್ತು ದಿನದ ದುಡಿಮೆಯಲ್ಲಿ ಮಕ್ಕಳ ಫೀಸು ಕಟ್ಟುವವರಿಗೆ ಎರಡು ವರ್ಷ ಅದೂ ಇಲ್ಲ. ಟಾಂಗಾದವರದ್ದಂತೂ ಇನ್ನೂ ಕಷ್ಟ. ಸವಾರಿ ಇಲ್ಲ ಅಂತ ಕುದುರೆ ಹೊಟ್ಟೆ ಕೇಳುತ್ತಾ? ಒಬ್ಬರು ತಮ್ಮ ಮನೆಗೆ ಕೊಟ್ಟ ಕಿಟ್ ತೆಗೆದುಕೊಂಡು, "ಮುಂದಿನ ಸಲ ಇದು ಬೇಡ ಅಕ್ಕ, ಒಂದು ಮೂಟೆ ಬೂಸಾ ಕೊಡ್ಸಿ" ಅಂದರು. ಮುಂದಿನ ವಾರ ಬೂಸಾ, ಹುರುಳಿ ಎರಡೂ ಕೊಡಿಸಿದೆವು. ಉದಯಗಿರಿ, ಎನ್.ಆರ್. ಮೊಹಲ್ಲಾ ಕಡೆ ಮನೆಯಲ್ಲೇ ಕೂತು ಬೀಡಿ ಕಟ್ಟುವ, ಅಗರಬತ್ತಿ ಹೊಸೆಯುವ ಹೆಂಗಸರನ್ನೂ ಮರೆಯಬೇಡಿ. ಮನೆಯಲ್ಲೇ ಕೆಲಸ ಅಲ್ವಾ, ನಡೀತಿರತ್ತೆ ಅಂದುಕೊಳ್ಳುತ್ತೇವೆ. ಕಚ್ಚಾ ಮಾಲು ಕೊಡುವ ಗಾಡಿಯೇ ಬರದಿದ್ದರೆ ಕೂಲಿ ಎಲ್ಲಿಂದ?

ಹೆಜ್ಜೆ 4: ದುಡ್ಡು ಕೂಡಿಸಿ, ಲೆಕ್ಕ ಬಯಲಲ್ಲಿಡಿ

ಒಬ್ಬರ ಸ್ವಂತ ಖಾತೆಗೆ ಎಲ್ಲರ ದುಡ್ಡು ಹಾಕಿಸಬೇಡಿ. ನಾವು ಮೊದಲ ತಿಂಗಳು ಹಾಗೇ ಮಾಡಿದೆವು. ನಮ್ಮಲ್ಲೊಬ್ಬರ ಸಂಬಳ, ಮನೆ ಸಾಲದ ಕಂತು, ದಾನದ ದುಡ್ಡು ಎಲ್ಲ ಒಂದೇ ಕಡೆ ಸೇರಿಹೋಯಿತು, ಒಂದು ರಾತ್ರಿ 3,400 ರೂಪಾಯಿ ಹೊಂದಲಿಲ್ಲ ಅಂತ ಅವರು ನಿದ್ದೆಗೆಟ್ಟು ಕೂತಿದ್ದರು. ಕೊನೆಗೆ ಸಿಕ್ಕಿತು, ಆದರೆ ಅಷ್ಟು ಒಳ್ಳೆಯ ಮನುಷ್ಯರನ್ನು ಆ ಸ್ಥಿತಿಗೆ ತಳ್ಳಬಾರದಿತ್ತು. ಇಬ್ಬರ ಸಹಿಯ ಬೇರೆ ಖಾತೆ ತೆರೆಯಿರಿ. ದಿನಾ ರಾತ್ರಿ ವಾಟ್ಸಾಪ್ ಗುಂಪಿಗೆ ಮೂರೇ ಸಾಲು ಹಾಕಿ: ಇವತ್ತು ಬಂದದ್ದು, ಖರ್ಚಾದದ್ದು, ಉಳಿದದ್ದು. ಬಿಲ್ಲಿನ ಫೋಟೊ ಹಾಕಿ. ಪಡೆದವರ ಫೋಟೊ ಬೇಡ, ಅದರ ಬಗ್ಗೆ ಮುಂದೆ ಹೇಳುತ್ತೇನೆ.

ದೊಡ್ಡ ಸಂಸ್ಥೆಗೆ ಕೊಡುವುದಾದರೆ ನೋಂದಣಿ, ಹಿಂದಿನ ವರ್ಷದ ಲೆಕ್ಕ, ಸೇವಾ ಸಂಸ್ಥೆಗಳು ಹೆಸರು ನೋಂದಾಯಿಸುವ ನೀತಿ ಆಯೋಗದ ದರ್ಪಣ್ ಪೋರ್ಟಲ್‌ನಲ್ಲಿ ಹೆಸರು ಇದೆಯಾ ನೋಡಿ. ಇಷ್ಟಿದ್ದ ಮೇಲೂ ಒಂದು ಪ್ರಶ್ನೆ ಕೇಳಲೇಬೇಕು: "ನೀವು ಮೈಸೂರಿನಲ್ಲಿ ಯಾವ ಬೀದಿಯಲ್ಲಿ ಕೆಲಸ ಮಾಡ್ತಿದ್ದೀರಿ?" ಬೀದಿ ಹೆಸರು ಹೇಳಲು ತಡವರಿಸುವವರಿಗೆ ಕೊಡಬೇಡಿ. ವಾಟ್ಸಾಪಿನಲ್ಲಿ ಬರುವ ಯುಪಿಐ ಐಡಿಗಳನ್ನು ಕಣ್ಣು ಮುಚ್ಚಿ ನಂಬಬೇಡಿ. 2020ರಲ್ಲಿ ಪ್ರಧಾನಿ ಹೆಸರಿನ ಪಿಎಂ ಕೇರ್ಸ್ ಪರಿಹಾರ ನಿಧಿ ಶುರುವಾದ ಬೆನ್ನಲ್ಲೇ ಒಂದೆರಡು ಅಕ್ಷರ ಮಾತ್ರ ಬೇರೆ ಇರುವ ನಕಲಿ ಐಡಿಗಳು ಹುಟ್ಟಿಕೊಂಡವು. ದುಡ್ಡು ಕಳಿಸುವ ಮುಂಚೆ ಪರದೆಯ ಮೇಲೆ ಖಾತೆದಾರರ ಹೆಸರು ಓದಿ.

ವಿದೇಶದಲ್ಲಿ ಮಕ್ಕಳಿರುವ ಮನೆಗಳು ಮೈಸೂರಿನಲ್ಲಿ ಎಷ್ಟಿವೆ ಅಂತ ನಿಮಗೇ ಗೊತ್ತು. ಭಾರತದ ಪಾಸ್‌ಪೋರ್ಟ್ ಇರುವವರು ಬ್ಯಾಂಕಿನ ಮೂಲಕ ಕಳಿಸಿದ ಸ್ವಂತ ಉಳಿತಾಯದ ದುಡ್ಡು ವಿದೇಶಿ ದೇಣಿಗೆ ಆಗುವುದಿಲ್ಲ. ಅಲ್ಲಿನ ಪೌರತ್ವ ಪಡೆದವರು ಕೊಟ್ಟರೆ ಅದು ವಿದೇಶಿ ದೇಣಿಗೆ, ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾನೂನಿನ ನೋಂದಣಿ ಇರುವ ಸಂಸ್ಥೆ ಮಾತ್ರ ಪಡೆಯಬಹುದು. 2020ರ ಸೆಪ್ಟೆಂಬರ್‌ನಲ್ಲಿ ಆ ಕಾನೂನು ಇನ್ನೂ ಬಿಗಿಯಾಯಿತು, ಒಂದು ಸಂಸ್ಥೆ ಪಡೆದ ವಿದೇಶಿ ದುಡ್ಡನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ ಅಂತ. ಹಾಗಾಗಿ 2021ರ ಎರಡನೇ ಅಲೆಯಲ್ಲಿ ದೊಡ್ಡ ಸಂಸ್ಥೆಗೆ ಬಂದ ವಿದೇಶಿ ದುಡ್ಡು ಬೀದಿ ಮಟ್ಟದ ಸಣ್ಣ ಸಂಘಗಳಿಗೆ ಇಳಿಯಲೇ ಇಲ್ಲ. ಸಣ್ಣ ಸಂಘಗಳು ಊರಿನವರ ದುಡ್ಡಿನಲ್ಲೇ ನಡೆಯಬೇಕು. ನಾನು ಊರಿನಲ್ಲೇ ಕೂಡಿಸಿ ಅಂತ ಒತ್ತಿ ಹೇಳುವುದು ಇದಕ್ಕೇ.

ತೆರಿಗೆ ವಿಷಯ ಬೇಗ ಮುಗಿಸುತ್ತೇನೆ. ದಾನಕ್ಕೆ ಸಿಗುವ, 80ಜಿ ಅಂತ ನಾವೆಲ್ಲ ಕರೆಯುವ ತೆರಿಗೆ ರಿಯಾಯಿತಿ ಹಳೇ ತೆರಿಗೆ ಪದ್ಧತಿಯವರಿಗೆ ಮಾತ್ರ, 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಸಿಗುವುದಿಲ್ಲ, ಅಕ್ಕಿ ಬೇಳೆ ರೂಪದಲ್ಲಿ ಕೊಟ್ಟರೂ ಸಿಗುವುದಿಲ್ಲ. ಕಾರ್ಖಾನೆಯಲ್ಲಿ ಕೆಲಸ ಮಾಡುವವರಾದರೆ ನಿಮ್ಮ ಆಫೀಸಿನ ಸಿಎಸ್‌ಆರ್ ವಿಭಾಗವನ್ನು, ಅಂದರೆ ಕಂಪನಿ ಸಮಾಜದ ಕೆಲಸಕ್ಕೆ ತೆಗೆದಿಡುವ ದುಡ್ಡು ನೋಡಿಕೊಳ್ಳುವವರನ್ನು ಕೇಳಿ. ಕೋವಿಡ್ ಕೆಲಸಕ್ಕೆ ಆ ದುಡ್ಡು ಬಳಸಬಹುದು ಅಂತ ಕೇಂದ್ರ 2020ರ ಮಾರ್ಚ್ 23ರಂದೇ ಹೇಳಿತ್ತು.

ಹೆಜ್ಜೆ 5: ಕಿಟ್ ಕಟ್ಟುವುದೇ ಆದರೆ

ಕಾರ್ಡ್ ಇರುವ ಐದು ಜನರ ಮನೆಗೆ, ಸುಮಾರು ಒಂದು ತಿಂಗಳಿಗೆ ನಾವು ಕೊಟ್ಟದ್ದು ಇದು: ತೊಗರಿಬೇಳೆ 2 ಕೆಜಿ, ಎಣ್ಣೆ 2 ಲೀಟರ್, ರಾಗಿಹಿಟ್ಟು 2 ಕೆಜಿ, ಸಕ್ಕರೆ 1 ಕೆಜಿ, ಟೀಪುಡಿ ಕಾಲು ಕೆಜಿ, ಉಪ್ಪು, ಖಾರದಪುಡಿ, ಸಾಂಬಾರ್ ಪುಡಿ, ಮೈ ಸೋಪು ಎರಡು, ಬಟ್ಟೆ ಸೋಪು ಎರಡು. ಕಾರ್ಡ್ ಇಲ್ಲದವರಿಗೆ ಇದರ ಜೊತೆ 15 ಕೆಜಿ ಅಕ್ಕಿ. ಉತ್ತರದ ಕಡೆಯವರಿಗೆ ರಾಗಿ ಬದಲು ಗೋಧಿಹಿಟ್ಟು, ಆಲೂಗಡ್ಡೆ, ಸಾಸಿವೆ ಎಣ್ಣೆ ಸಿಕ್ಕರೆ ಅದು. ಮುದ್ದೆ ತಿಂದು ಗೊತ್ತಿಲ್ಲದವರಿಗೆ ರಾಗಿಹಿಟ್ಟು ಕೊಟ್ಟು ಬಂದ ದಿನ ನಮಗೇ ನಾಚಿಕೆಯಾಯಿತು.

2020ರಲ್ಲಿ ಸಂತೆಪೇಟೆಯ ಸಗಟು ಅಂಗಡಿಯಲ್ಲಿ ಅಕ್ಕಿ ಬಿಟ್ಟು ಉಳಿದ ಕಿಟ್‌ಗೆ ಸುಮಾರು 700 ರೂಪಾಯಿ ಬಿತ್ತು. 2021ರಲ್ಲಿ ಅಡುಗೆ ಎಣ್ಣೆ ಬೆಲೆ ಏರಿದ್ದರಿಂದ ಅದೇ ಕಿಟ್ 850 ದಾಟಿತು. ದಾನಿಗಳಿಗೆ ಹಳೇ ಲೆಕ್ಕ ಹೇಳಿಬಿಟ್ಟಿದ್ದೆವು, ಕಡಿಮೆ ಬಿದ್ದದ್ದನ್ನು ನಾವೇ ಹಾಕಬೇಕಾಯಿತು. ಹಾಗಾಗಿ ಬೆಲೆ ವಿಚಾರಿಸಿದ ಮೇಲೇ ಲೆಕ್ಕ ಹೇಳಿ.

ಹಳೇ ಬಟ್ಟೆ ಬೇಡ. ಮನೆ ಖಾಲಿ ಮಾಡುವವರಿಗೆ ಅನುಕೂಲ, ಪಡೆಯುವವರಿಗೆ ಅಲ್ಲ. ಶಿಶುಗಳ ಹಾಲುಪುಡಿ ಡಬ್ಬ ಹಂಚಲೇಬೇಡಿ. ನಮ್ಮಂಥವರು ಅನಾಥಾಲಯ ಬಿಟ್ಟು ಬೇರೆ ಯಾರಿಗೂ ಅದನ್ನು ದಾನ ಮಾಡುವಂತಿಲ್ಲ ಅಂತ 1992ರ ಕಾನೂನೇ ಇದೆ, ಕಾರಣವೂ ಸರಿಯಾಗಿದೆ: ಪುಕ್ಕಟೆ ಡಬ್ಬ ಸಿಕ್ಕಿದಾಗ ಎದೆಹಾಲು ನಿಲ್ಲಿಸುತ್ತಾರೆ, ಡಬ್ಬ ಮುಗಿದ ಮೇಲೆ ಕೊಳ್ಳಲು ದುಡ್ಡಿರುವುದಿಲ್ಲ, ಆಗ ನೀರು ಜಾಸ್ತಿ ಬೆರೆಸುತ್ತಾರೆ. ಬಾಣಂತಿಗೆ ಬೇಳೆ, ಮೊಟ್ಟೆ, ಬೆಲ್ಲ, ತುಪ್ಪ ಕೊಡಿ.

ಹೆಜ್ಜೆ 6: ಅಂಗಡಿ ಚೀಟಿ, ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೆಯ ದಾರಿ

ಎರಡನೇ ತಿಂಗಳಿಗೆ ನಾವು ಕಿಟ್ ಕಟ್ಟುವುದನ್ನು ಮುಕ್ಕಾಲು ಪಾಲು ನಿಲ್ಲಿಸಿದೆವು. ಕಾರಣ ಒಂದು ಲೆಕ್ಕದ ಪುಸ್ತಕ.

ನಾವು ಹೋಗುತ್ತಿದ್ದ ಬೀದಿಯ ಮೂಲೆಯಲ್ಲಿ ಒಂದು ಚಿಕ್ಕ ಅಂಗಡಿ. ಅಂಗಡಿಯವರು ಒಂದು ಸಂಜೆ ಷಟರ್ ಅರ್ಧ ಎಳೆದುಕೊಂಡು ಕೂತಿದ್ದರು. ಸಾಲ ಬರೆದೂ ಬರೆದೂ ತಾವೇ ಸಗಟು ಅಂಗಡಿಯವರಿಗೆ ಬಾಕಿದಾರರಾಗಿದ್ದರು. ಪುಸ್ತಕ ತಮ್ಮ ಕೈಯಲ್ಲೇ ಇಟ್ಟುಕೊಂಡು ಒಂದೊಂದೇ ಪುಟ ತಿರುಗಿಸಿ ತೋರಿಸಿದರು. ಹೆಸರುಗಳಿಲ್ಲ, ಗುರುತುಗಳು: ನಲ್ಲಿ ಪಕ್ಕದ ಮನೆ, ಆಟೋದವರ ಅಮ್ಮ, ಗಾರೆ ಮೇಸ್ತ್ರಿ. ಮಾರ್ಚ್ ಮೊದಲ ವಾರ ಒಂದು ಪುಟದಲ್ಲಿ "ಬೇಳೆ ಅರ್ಧ ಕೆಜಿ, ಎಣ್ಣೆ ಅರ್ಧ ಲೀಟರ್." ಏಪ್ರಿಲ್‌ನಲ್ಲಿ ಅದೇ ಮನೆ, "ಬೇಳೆ 100 ಗ್ರಾಂ, ಎಣ್ಣೆ ಹತ್ತು ರೂಪಾಯಿದು." ಮೇ ಹೊತ್ತಿಗೆ "ಬನ್ನು 2, ಟೀಪುಡಿ ಪ್ಯಾಕೆಟ್ 1." ಆಮೇಲೆ ಏನೂ ಇಲ್ಲ. "ಸಾಲ ತೀರ್ಸಿ ಹೋದ್ರು ಅಂತ ಅಲ್ಲಕ್ಕ, ಕೇಳಕ್ಕೆ ನಾಚ್ಕೊಂಡು ಬರ್ತಾ ಇಲ್ಲ" ಅಂದರು. ಪುಟ ಖಾಲಿ ಬಿದ್ದ ಮನೆಗಳೇ ನಾವು ಮೊದಲು ಹೋಗಬೇಕಾದ ಮನೆಗಳು. ಯಾವ ಸರ್ವೆಯೂ ನಮಗೆ ಇಷ್ಟು ಸರಿಯಾಗಿ ಹೇಳಿರಲಿಲ್ಲ.

ಆಮೇಲೆ ನಾವು ಮಾಡಿದ್ದು ಹೀಗೆ. 500 ರೂಪಾಯಿಯ ಚೀಟಿ ಅಚ್ಚು ಹಾಕಿಸಿದೆವು, ನಂಬರ್ ಮತ್ತು ಸೀಲ್ ಸಮೇತ. ಪ್ರತಿ ಮನೆಗೆ ಹದಿನೈದು ದಿನಕ್ಕೊಂದು ಚೀಟಿ. ಅದೇ ಅಂಗಡಿಯಲ್ಲಿ ಏನು ಬೇಕೋ ಅದನ್ನು ತೆಗೆದುಕೊಳ್ಳಬಹುದು, ಒಂದೇ ಸಲ ಆಗಬೇಕು ಅಂತಿಲ್ಲ, ಅಂಗಡಿಯವರು ಚೀಟಿ ಹಿಂದೆ ಬರೆದುಕೊಳ್ಳುತ್ತಾರೆ. ಶನಿವಾರ ಸಂಜೆ ಮುಗಿದ ಚೀಟಿಗಳನ್ನು ಎಣಿಸಿ ದುಡ್ಡು ಹಾಕುತ್ತೇವೆ. ಹಳೇ ಸಾಲಕ್ಕೂ ಒಂದು ಒಪ್ಪಂದ ಮಾಡಿಕೊಂಡೆವು: ಅರ್ಧ ನಾವು ಕಟ್ಟುತ್ತೇವೆ, ಉಳಿದರ್ಧಕ್ಕೆ ಆರು ತಿಂಗಳು ಕೇಳಬಾರದು, ಹೊಸ ಉದ್ರಿ ನಿಲ್ಲಿಸಬಾರದು.

ಇದರಿಂದ ಏನಾಯಿತು ನೋಡಿ. ಮನೆಯವರು ತಮಗೆ ಬೇಕಾದ್ದನ್ನು ತಾವೇ ಆರಿಸಿಕೊಂಡರು. ಯಾರೂ ಕ್ಯೂ ನಿಲ್ಲಲಿಲ್ಲ, ಎಲ್ಲರ ಹಾಗೆ ಅಂಗಡಿಗೆ ಹೋಗಿ ಬಂದರು. ಅಂಗಡಿ ಉಳಿಯಿತು. ಆ ಅಂಗಡಿ ಮುಚ್ಚಿದ್ದರೆ ನಾವು ಹೋದ ಮೇಲೂ ಉದ್ರಿ ಕೊಡುವವರು ಆ ಬೀದಿಗೆ ಯಾರೂ ಇರುತ್ತಿರಲಿಲ್ಲ. ಅಂಗಡಿಯವರು ಮೋಸ ಮಾಡಿದರೆ ಅಂತ ನಮ್ಮಲ್ಲೇ ಒಬ್ಬರು ಕೇಳಿದ್ದರು, ಸರಿಯಾದ ಪ್ರಶ್ನೆಯೇ. ವಾರಕ್ಕೆ ಐದು ಮನೆಗೆ ಫೋನ್ ಮಾಡಿ ಏನು ತಂದಿರಿ, ಎಷ್ಟು ಬೆಲೆ ಹಾಕಿದರು ಅಂತ ಕೇಳಿ. ಅಷ್ಟು ಸಾಕು.

ಹೆಜ್ಜೆ 7: ಬೇಯಿಸಿದ ಊಟ ಯಾರಿಗೆ

ಒಲೆ ಇಲ್ಲದವರಿಗೆ ಮಾತ್ರ. ಬೀದಿಯಲ್ಲಿ ಮಲಗುವವರು, ಕೆ.ಆರ್. ಆಸ್ಪತ್ರೆ ಹೊರಗೆ ಕಾಯುವ ರೋಗಿಗಳ ಕಡೆಯವರು, ಮನೆಮಂದಿಗೆಲ್ಲ ಜ್ವರ ಬಂದು ಏಳಲಾಗದವರು. ಮೊದಲು ಹತ್ತಿರದ ಇಂದಿರಾ ಕ್ಯಾಂಟೀನ್‌ನಲ್ಲಿ ಏನು ಸಿಗುತ್ತಿದೆ ನೋಡಿ. ಅಡುಗೆಗೆ ಮದುವೆ ಕಾಂಟ್ರಾಕ್ಟ್ ಅಡುಗೆಯವರನ್ನು ಕರೆಯಿರಿ, ಮದುವೆಗಳು ನಿಂತಾಗ ಅವರಿಗೂ ಕೂಲಿ ಇರುವುದಿಲ್ಲ, ಕೂಲಿ ಕೊಟ್ಟೇ ಮಾಡಿಸಿ. ನಾವು ಒಂದು ದಿನ ಪಲಾವ್ ಬಿಸಿಬಿಸಿಯಾಗಿಯೇ ಕವರಿಗೆ ತುಂಬಿ ಕಟ್ಟಿ, ಹತ್ತು ಗಂಟೆಗೆ ಹೊರಟು, ಚೆಕ್‌ಪೋಸ್ಟ್‌ನಲ್ಲಿ ನಿಂತು, ಕೊನೆಯ ಪೊಟ್ಟಣ ಕೊಡುವಾಗ ಎರಡೂವರೆ. ಬಿಚ್ಚಿದರೆ ಹುಳಿ ವಾಸನೆ. ಅರವತ್ತು ಪೊಟ್ಟಣ ವಾಪಸ್ ತಂದೆವು, ಆ ಅರವತ್ತು ಜನ ಅವತ್ತು ಉಪವಾಸ. ಅದಾದ ಮೇಲೆ ಪುಳಿಯೋಗರೆ, ಚಪಾತಿ ಪಲ್ಯದಂಥ ಬೇಗ ಹಳಸದ ತಿಂಡಿ ಮಾತ್ರ ಮಾಡಿಸಿದೆವು. ಬಿಸಿ ಆರಿಸಿ ತುಂಬಿ, ಎರಡು ಗಂಟೆಯೊಳಗೆ ತಲುಪಿಸಿ.

ಹೆಜ್ಜೆ 8: ಹಂಚುವಾಗ

ಒಂದೇ ಜಾಗದಲ್ಲಿ ನಿಂತು ಹಂಚಬೇಡಿ. ನಮ್ಮ ಮೊದಲ ದೊಡ್ಡ ದಿನ 200 ಕಿಟ್ ಇಟ್ಟುಕೊಂಡು ಒಂದು ಮೈದಾನದಲ್ಲಿ ನಿಂತೆವು. ಸುದ್ದಿ ಹಬ್ಬಿ ಐನೂರಕ್ಕೂ ಜಾಸ್ತಿ ಜನ ಬಂದರು. ಗಟ್ಟಿ ಇದ್ದವರು ಎರಡೆರಡು ಪಡೆದರು, ಮುದುಕರು ಬರಿಗೈಲಿ ಹೋದರು, ರೋಗ ಹರಡಬಾರದು ಅಂತ ಹೊರಟವರೇ ಜನಜಂಗುಳಿ ಸೇರಿಸಿದ್ದೆವು. ಮನೆ ಬಾಗಿಲಿಗೇ ಹೋಗಿ. ಬಾಗಿಲು ತಟ್ಟಿ, ಕಿಟ್ ಕೆಳಗಿಟ್ಟು, ಹಿಂದೆ ಸರಿದು ನಿಂತು ಮಾತಾಡಿಸಿ. ಮಾತಾಡಿಸುವುದನ್ನು ಮಾತ್ರ ಬಿಡಬೇಡಿ. ಗಾಡಿ ಪಾಸಿಗೆ ಒಂದು ದಿನ ಮುಂಚೆಯೇ ಅರ್ಜಿ ಹಾಕಿ.

ಫೋಟೊ ತೆಗೆಯಬೇಡಿ. ದಾನಿಗಳು ಕೇಳುತ್ತಾರೆ, ನಿಜ. ನಾವು ಮೊದಲ ವಾರ ತೆಗೆದೆವು. ಹತ್ತನೇ ಕ್ಲಾಸಿನ ಒಬ್ಬ ಹುಡುಗಿ ಕಿಟ್ ತೆಗೆದುಕೊಳ್ಳುವಾಗ ದುಪಟ್ಟಾದಿಂದ ಮುಖ ಮುಚ್ಚಿಕೊಂಡಳು. ಅವಳ ಕ್ಲಾಸಿನವರೂ ಆ ಫೋಟೊ ನೋಡುತ್ತಾರೆ ಅನ್ನುವುದು ಅವಳಿಗೆ ಗೊತ್ತಿತ್ತು, ನಮಗೆ ಹೊಳೆದಿರಲಿಲ್ಲ. ಅಂದೇ ನಿಲ್ಲಿಸಿದೆವು. ಫೋಟೊ ಬೇಕೇ ಬೇಕು ಅಂದ ಇಬ್ಬರು ದಾನಿಗಳ ದುಡ್ಡನ್ನು ವಾಪಸ್ ಕಳಿಸಿದೆವು.

ಹೆಜ್ಜೆ 9: ಔಷಧಿ, ಆಕ್ಸಿಮೀಟರ್

2021ರ ಏಪ್ರಿಲ್, ಮೇ ತಿಂಗಳಲ್ಲಿ ಎಲ್ಲರಿಗೂ ಗಾಳಿಯಿಂದ ಆಕ್ಸಿಜನ್ ತೆಗೆದುಕೊಡುವ ಕಾನ್ಸಂಟ್ರೇಟರ್ ಯಂತ್ರ ಕೊಡಿಸುವ ಆಸೆ. ಅದು ದುಬಾರಿ, ಇಪ್ಪತ್ನಾಲ್ಕು ಗಂಟೆ ಕರೆಂಟ್ ಬೇಕು, ನೋಡಿಕೊಳ್ಳಲು ತಿಳಿದವರು ಬೇಕು. ಬಡ ಬೀದಿಗೆ ಅದಕ್ಕಿಂತ ಮುಂಚೆ ಬೇಕಿರುವುದು ಪಲ್ಸ್ ಆಕ್ಸಿಮೀಟರ್, ಬೆರಳಿಗೆ ಸಿಕ್ಕಿಸಿದರೆ ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ತೋರಿಸುವ ಪುಟ್ಟ ಯಂತ್ರ. ಒಂದು ಬೀದಿಗೆ ಎರಡು ಸಾಕು, ಓದಿದ ಹುಡುಗ ಹುಡುಗಿಯರ ಕೈಯಲ್ಲಿಡಿ, ಪ್ರತಿ ಸಲ ಸ್ಪಿರಿಟ್‌ನಿಂದ ಒರೆಸಲಿ. ಉಗುರಿಗೆ ಬಣ್ಣ ಅಥವಾ ಮೆಹಂದಿ ಇದ್ದರೆ ಲೆಕ್ಕ ತಪ್ಪಬಹುದು, ಬೇರೆ ಬೆರಳು ನೋಡಲಿ. 94ಕ್ಕಿಂತ ಕೆಳಗೆ ಬಂದರೆ ಕಾಯುವುದು ಬೇಡ, ಆಸ್ಪತ್ರೆಗೆ ಹೊರಡಬೇಕು. ಹೊರಡುವುದು ಹೇಗೆ? ರಾತ್ರಿ ಎರಡು ಗಂಟೆಗೂ ಬರುವ ಒಬ್ಬ ಆಟೋ ಡ್ರೈವರನ್ನು ಮೊದಲೇ ಗೊತ್ತು ಮಾಡಿ, ಅವರಿಗೆ ಮಾಸ್ಕ್, ಡೀಸೆಲ್ಲೋ ಗ್ಯಾಸೋ ಅದರ ದುಡ್ಡು, ಮೇಲೆ ಬಾಡಿಗೆ ಕೊಡಿ. ದಾನದ ದುಡ್ಡಿಗೆ ಇದಕ್ಕಿಂತ ಒಳ್ಳೆಯ ಖರ್ಚು ನಾನು ಕಂಡಿಲ್ಲ.

ಕೋವಿಡ್ ಅಲ್ಲದ ಕಾಯಿಲೆಗಳು ನಿಲ್ಲುವುದಿಲ್ಲ. ಬಿಪಿ, ಶುಗರ್, ಫಿಟ್ಸ್ ಮಾತ್ರೆ ತಪ್ಪಿಸಿದವರು ಎಷ್ಟೋ ಜನ. ಹಳೇ ಔಷಧಿ ಚೀಟಿ ನೋಡಿ ಡಾಕ್ಟರ್ ಹತ್ತಿರ ಫೋನಿನಲ್ಲಿ ಕೇಳಿ ತಂದುಕೊಡಿ. ಟಿಬಿ ಇರುವವರ ಮನೆಗೆ ತಪ್ಪದೆ ಹೋಗಿ. ಆ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ, ಆದರೆ ಸಾಮಾನ್ಯವಾಗಿ ಆರು ತಿಂಗಳು ಬಿಡದೆ ನುಂಗಬೇಕು, ಬಸ್ ಇಲ್ಲ ಅಂತ ನಡುವೆ ನಿಂತರೆ ಕಾಯಿಲೆ ಮದ್ದಿಗೇ ಬಗ್ಗದ ಹಾಗೆ ಆಗಬಹುದು.

ಹೆಜ್ಜೆ 10: ಅರ್ಜಿ ತುಂಬಿಕೊಡಿ

ಇದನ್ನು ದಾನ ಅಂತ ಯಾರೂ ಎಣಿಸುವುದಿಲ್ಲ. 2020ರ ಮೇನಲ್ಲಿ ರಾಜ್ಯ ಸರ್ಕಾರ ಆಟೋ ಮತ್ತು ಟ್ಯಾಕ್ಸಿ ಡ್ರೈವರ್‌ಗಳಿಗೆ, ಕ್ಷೌರಿಕರಿಗೆ, ಮಡಿವಾಳರಿಗೆ 5,000 ರೂಪಾಯಿ ಅಂತ ಹೇಳಿತು. 2021ರ ಮೇನಲ್ಲಿ ಡ್ರೈವರ್‌ಗಳಿಗೆ, ಕಟ್ಟಡ ಕಾರ್ಮಿಕರಿಗೆ 3,000, ಟೈಲರ್, ಮನೆಗೆಲಸದವರು, ಬೀದಿ ವ್ಯಾಪಾರಿಗಳಿಗೆ 2,000. ಸೇವಾಸಿಂಧು ಪೋರ್ಟಲ್‌ನಲ್ಲಿ ಅರ್ಜಿ, ಆಧಾರ್ ಜೋಡಿಸಿದ ಖಾತೆ, ಕೆಲಸದ ಪ್ರಮಾಣಪತ್ರ ಬೇಕಾಗಿತ್ತು. ಫೋನ್ ಇಲ್ಲದವರು, ಸೈಬರ್ ಅಂಗಡಿ ಮುಚ್ಚಿದ್ದವರು ಏನು ಮಾಡಬೇಕು? ಕಾಲೇಜು ಹುಡುಗರು ಮೂವರು ಒಂದು ಲ್ಯಾಪ್‌ಟಾಪ್, ಒಂದು ಹಾಟ್‌ಸ್ಪಾಟ್ ಹಿಡಿದು ಕಟ್ಟೆ ಮೇಲೆ ಕೂತರು. ನಮ್ಮ 700 ರೂಪಾಯಿ ಕಿಟ್ ಏಳು ಕೂಡಿಸಿದರೂ ಒಂದು 5,000ಕ್ಕೆ ಸಮ ಆಗುವುದಿಲ್ಲ. ಹುಡುಗರ ಖರ್ಚು ಟೀ, ಡೇಟಾ ಅಷ್ಟೇ. ಲಸಿಕೆ ಶುರುವಾದಾಗ ಕೋವಿನ್‌ನಲ್ಲಿ ಹೆಸರು ಬರೆಸಿದ್ದೂ ಇದೇ ಹುಡುಗರು.

ಹೆಜ್ಜೆ 11: ಎರಡನೇ ತಿಂಗಳಿಗೂ ದುಡ್ಡು ಉಳಿಸಿ

ಮೊದಲ ಹದಿನೈದು ದಿನ ದಾನ ಹೊಳೆಯ ಹಾಗೆ ಬರುತ್ತದೆ. ಆಮೇಲೆ ಬತ್ತುತ್ತದೆ. ಕಷ್ಟ ಜಾಸ್ತಿಯಾಗುವುದು ಆಮೇಲೆಯೇ: ಕೈಯಲ್ಲಿದ್ದ ಉಳಿತಾಯ ಮುಗಿದಿರುತ್ತದೆ, ಓಲೆ ಗಿರವಿಗೆ ಹೋಗಿರುತ್ತದೆ, ಬಾಡಿಗೆ ಎರಡು ತಿಂಗಳು ಬಾಕಿ. 2021ರಲ್ಲಂತೂ ಬೇರೆ ಜಿಲ್ಲೆಗಳಿಗೆ ಸಡಿಲಿಕೆ ಸಿಕ್ಕ ಮೇಲೂ ಮೈಸೂರು ಮುಚ್ಚಿಯೇ ಇತ್ತು. ಹಾಗಾಗಿ ಬಂದ ದುಡ್ಡಿನಲ್ಲಿ ಮೂರನೇ ಒಂದು ಪಾಲು ಮುಟ್ಟದೆ ಇಡಿ.

ಬಾಡಿಗೆಗೆ ನಾವು ಮನೆ ಮಾಲೀಕರ ಜೊತೆ ಕೂತು ಮಾತಾಡಿದೆವು. ಕೆಲಸಗಾರರ ಹತ್ತಿರ ಒಂದು ತಿಂಗಳ ಬಾಡಿಗೆ ಕೇಳಬಾರದು ಅಂತ 2020ರ ಮಾರ್ಚ್ 29ರಂದು ಕೇಂದ್ರದ ಆದೇಶವೇ ಇತ್ತು. ಆದರೆ ಎಷ್ಟೋ ಮಾಲೀಕರು ತಾವೂ ಆ ಬಾಡಿಗೆಯಲ್ಲೇ ಬದುಕುವ ವಿಧವೆಯರು, ಪಿಂಚಣಿ ಇಲ್ಲದ ಮುದುಕರು. ಆದೇಶ ತೋರಿಸಿ ಹೆದರಿಸುವುದಕ್ಕಿಂತ "ಅರ್ಧ ನಾವು ಕೊಡ್ತೀವಿ, ಅರ್ಧ ನೀವು ಬಿಟ್ಟುಕೊಡಿ" ಅಂದಾಗ ಹೆಚ್ಚಿನವರು ಒಪ್ಪಿದರು. ದುಡ್ಡು ನೇರ ಮಾಲೀಕರ ಖಾತೆಗೆ ಹೋಯಿತು.

ಸಂಘದ ಸಾಲದ ವಿಷಯದಲ್ಲಿ ಎಚ್ಚರ ಇರಲಿ. 2020ರಲ್ಲಿ ರಿಸರ್ವ್ ಬ್ಯಾಂಕ್ ಆಗಸ್ಟ್ ಕೊನೆವರೆಗೂ ಕಂತು ಮುಂದೂಡಲು ಬಿಟ್ಟಿತ್ತು, ಬಡ್ಡಿ ಮಾತ್ರ ಓಡುತ್ತಲೇ ಇತ್ತು. ಎಷ್ಟೋ ಹೆಂಗಸರಿಗೆ ಇದು ಗೊತ್ತೇ ಇರಲಿಲ್ಲ. ಕೈಗೆ ದುಡ್ಡು ಬಂದ ತಕ್ಷಣ ವಾರದ ಕಂತಿಗೆ ಕೊಟ್ಟು ಮಕ್ಕಳಿಗೆ ಗಂಜಿ ಕಾಯಿಸಿದವರನ್ನು ನೋಡಿದ್ದೇನೆ. ಇಂಥ ನಿಯಮ ಬಂದಾಗ ಕನ್ನಡದಲ್ಲಿ ಒಂದು ಪುಟ ಬರೆದು ಬೀದಿಯ ನಲ್ಲಿ ಹತ್ತಿರ ಅಂಟಿಸಿ, ಜೊತೆಗೆ ಕೂತು ಓದಿ ಹೇಳಿ.

ಊರು ತೆರೆಯುವ ಹೊತ್ತಿಗೆ ಉಳಿದ ದುಡ್ಡನ್ನು ಕೆಲಸ ಮತ್ತೆ ಶುರು ಮಾಡುವುದಕ್ಕೆ ಬಳಸಿ. ಮೇದರ ಬ್ಲಾಕ್‌ನಲ್ಲಿ ಬುಟ್ಟಿ ಹೆಣೆಯುವವರಿಗೆ ಒಂದು ಹೊರೆ ಬಿದಿರು, ಹೂವಿನವರಿಗೆ ಮೊದಲ ದಿನದ ಬಂಡವಾಳ, ಆಟೋದವರಿಗೆ ಎಫ್‌ಸಿ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್) ದುಡ್ಡು. ಬೀದಿ ವ್ಯಾಪಾರಿಗಳಿಗೆ 2020ರ ಜೂನ್‌ನಲ್ಲಿ ಬಂದ ಸ್ವನಿಧಿ ಯೋಜನೆಯಲ್ಲಿ 10,000 ರೂಪಾಯಿ ಸಾಲ ಸಿಗುತ್ತಿತ್ತು, ಅದರ ಅರ್ಜಿಗೂ ಜೊತೆಗೆ ಹೋಗಿ.

ಹೆಜ್ಜೆ 12: ನೋಟ್‌ಬುಕ್ ಎಸೆಯಬೇಡಿ

ಮನೆಗಳ ಪಟ್ಟಿ, ಯಾರಿಗೆ ಯಾವ ಕಾಯಿಲೆ, ಯಾರಿಗೆ ಕಾರ್ಡ್ ಇಲ್ಲ, ರಾತ್ರಿ ಬರುವ ಆಟೋದವರ ನಂಬರ್, ಚೀಟಿ ಒಪ್ಪುವ ಅಂಗಡಿ, ಎಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಅದು ಬೀದಿಯವರ ಹತ್ತಿರವೇ ಇರಲಿ, ನಮ್ಮದು ಅಂಗನವಾಡಿ ಟೀಚರ್ ಬೀರುವಿನಲ್ಲಿದೆ. ಪ್ರತಿ ವರ್ಷ ಯುಗಾದಿ ಮುಗಿದ ಭಾನುವಾರ ನಾವು ಮೂರ್ನಾಲ್ಕು ಜನ ಹೋಗಿ ಮನೆ ಮನೆ ಸುತ್ತಿ ಅದನ್ನು ತಿದ್ದುತ್ತೇವೆ. ಈ ಸಲ ಹನ್ನೊಂದು ಫೋನ್ ನಂಬರ್ ಬದಲಾಗಿತ್ತು, ನಾಲ್ಕು ಮನೆಯವರು ಬೇರೆ ಕಡೆ ಹೋಗಿದ್ದರು, ಆರು ಹೊಸ ಮನೆ ಸೇರಿದವು. ಆ ಆರರಲ್ಲಿ ಎರಡು ಮನೆಗೆ ರೇಷನ್ ಕಾರ್ಡ್ ಇರಲಿಲ್ಲ, ಅರ್ಜಿ ಹಾಕಿಸಿ ಬಂದೆವು.